ಹಿಂದಿನ ಎರಡು ಟೈರು

ಯಲಹಂಕ ನ್ಯೂ ಟೌನಿನಲ್ಲಿ ರಮ್ಯಳ ಹತ್ತಿರ ಕಾರು ಕಲಿಯಲು ಬರುತ್ತಿದ್ದ ಹೆಂಗಸರಿಗೆ ಮೊದಲ ದಿನ ಸ್ಟೇರಿಂಗ್ ಸಿಗುತ್ತಿರಲಿಲ್ಲ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂರಬೇಕಾಗಿತ್ತು. ಬ್ಯಾಂಕಿನವರು, ಕಾಲೇಜಿನಲ್ಲಿ ಪಾಠ ಹೇಳುವವರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದ ತಾಯಂದಿರು, ಯಾರಾದರೂ ಸರಿ, ಕೂರಲೇಬೇಕು.

"ಇಲ್ಲಿ ಮೊಟ್ಟೆ ಆಕಾರದ ಗೆರೆ ಒಳಗೆ ನಾಲ್ಕು ನಂಬರ್ ಇದೆ ನೋಡಿ. ಇದು ಟೈರಿನ ಜಾತಕ. ಮೊದಲ್ನೇ ಎರಡು ಯಾವ ವಾರ, ಕೊನೇ ಎರಡು ಯಾವ ವರ್ಷ. ಐದಾರು ವರ್ಷ ದಾಟ್ತು ಅಂದ್ರೆ, ಗ್ರಿಪ್ ಎಷ್ಟೇ ಚೆನ್ನಾಗಿರ್ಲಿ, ಬದಲಾಯಿಸೋ ಮಾತಾಡ್ಬೇಕು. ಗ್ರಿಪ್ ಸವೆದ್ರೆ ಕಣ್ಣಿಗೆ ಕಾಣುತ್ತೆ. ರಬ್ಬರಿಗೆ ವಯಸ್ಸಾದ್ರೆ ಕಾಣಲ್ಲ."

ಧಾರವಾಡದ ಕಡೆಯಿಂದ ಬಂದು ಇಲ್ಲಿನ ಕಾಲೇಜೊಂದರಲ್ಲಿ ಕೆಲಸಕ್ಕಿದ್ದ ಪ್ರತಿಭಾ ಎಂಬಾಕೆ ಒಮ್ಮೆ ನಗುತ್ತಾ ಹೇಳಿದ್ದಳು: "ಮೇಡಂ, ನಾ ಕಾರ್ ಹೊಡಿಯೋದು ಕಲಿಲಿಕ್ಕೆ ಬಂದೀನ್ರಿ, ಟೈರಿನ ಅಂಗಡಿ ಇಡ್ಲಿಕ್ಕಲ್ಲ."

"ಗಾಳಿ ತುಂಬಿದ ರಬ್ಬರ್ ಮೇಲೆ ಮಕ್ಕಳನ್ನ ಕೂರಿಸ್ಕೊಂಡು ಹೋಗ್ತೀರಲ್ಲ, ಅದನ್ನ ಒಂದ್ಸಲ ಕೈಯಲ್ಲಿ ಮುಟ್ಟಿ ನೋಡಿ, ಅಷ್ಟೇ ನಾನು ಕೇಳೋದು" ಎಂದಿದ್ದಳು ರಮ್ಯ. ಅವಳು ನಗಲಿಲ್ಲ. ಪಾಠ ಹೇಳುವಾಗ ಅವಳು ನಗುತ್ತಲೇ ಇರಲಿಲ್ಲ.

ಟೈರಿನ ಮೇಲಿನ ಈ ನಿಗಾ ಅವಳಿಗೆ ತವರಿನಿಂದ ಬಂದದ್ದು. ನಾಗಸಂದ್ರದಲ್ಲಿ ಮೆಟ್ರೋ ಕಂಬಗಳು ಏಳುವುದಕ್ಕೆ ಬಹಳ ಹಿಂದೆ ಅವಳ ಅಪ್ಪ ಆನಂದಪ್ಪ ಯಶವಂತಪುರದ ಮಾರುಕಟ್ಟೆಗೆ ಈರುಳ್ಳಿ ಮೂಟೆ ಹೊಡೆಯುವ ಟೆಂಪೋ ಇಟ್ಟಿದ್ದ. ಬೆಳಿಗ್ಗೆ ಗಾಡಿ ಹತ್ತುವ ಮೊದಲು ನಾಲ್ಕೂ ಚಕ್ರಕ್ಕೆ ಅಂಗೈಯಲ್ಲಿ ತಟ್ಟಿ, ಕಿವಿಯಿಟ್ಟು, ಆಮೇಲೆ ದೇವರ ಫೋಟೋಗೆ ಕೈ ಮುಗಿಯುತ್ತಿದ್ದ. ಮಗಳು ಪಕ್ಕದಲ್ಲಿ ನಿಂತು ನೋಡಬಹುದಿತ್ತು, ಸ್ಟೇರಿಂಗ್ ಮುಟ್ಟುವಂತಿರಲಿಲ್ಲ. ಅದು ಗಂಡುಮಕ್ಕಳ ಕೆಲಸ. ಆನಂದಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಅವನ ನಂತರ ಟೆಂಪೋ ಬೇರೆಯವರ ಪಾಲಾಯಿತು.

ರಮ್ಯ ಮದುವೆಯಾಗಿ ಬಂದದ್ದು ಬಾಗಲೂರಿಗೆ. ಮಾವ ಚಿಕ್ಕಬೈರಪ್ಪ ಒಂದು ಕಾಲಕ್ಕೆ ಹೂಕೋಸು, ದ್ರಾಕ್ಷಿ ಬೆಳೆಯುತ್ತಿದ್ದವರು. ವಿಮಾನ ನಿಲ್ದಾಣ ಬಂದ ಮೇಲೆ ಜಮೀನು ಲೇಔಟ್ ಆಯಿತು. ಮುಖ್ಯರಸ್ತೆಯಲ್ಲಿ ಮಳಿಗೆಗಳ ಸಾಲು ಎದ್ದಿತು, ಊರೊಳಗಿನ ಹೆಂಚಿನ ಮನೆ ಹೋಗಿ ಎರಡಂತಸ್ತು ಬಂತು, ಅದರ ಮುಂದೆ ಬಿಳಿ ಬಣ್ಣದ ದೊಡ್ಡ ಕಾರೊಂದು ಬಂದು ನಿಂತಿತು. ಚಿಕ್ಕಬೈರಪ್ಪನವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಮಗ ಉಮೇಶ್ ಮೊದಲ ವರ್ಷ ಅದರಲ್ಲಿ ನೆಂಟರ ಮನೆಗಳನ್ನೆಲ್ಲ ಸುತ್ತಿ ಮೆರೆದ. ಆಮೇಲೆ ತನಗೆಂದು ಇನ್ನೊಂದು ಗಾಡಿ ತೆಗೆದುಕೊಂಡ, ಸೈಟು ತೋರಿಸಿಕೊಂಡು ಅದರಲ್ಲೇ ಓಡಾಡುತ್ತಿದ್ದ. ಬಿಳಿ ಕಾರು ಮನೆಯ ಮುಂದೆ ಬಿಸಿಲು ಕಾಯುತ್ತಾ ಉಳಿಯಿತು. ಮದುವೆ, ತಿಥಿ, ಆಸ್ಪತ್ರೆಗಳಿಗೆ ಮಾತ್ರ ಹೊರಗೆ ಬರುತ್ತಿತ್ತು. ಆಯುಧಪೂಜೆಯ ದಿನ ತೊಳೆದು, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಎರಡು ಹೆಜ್ಜೆ ಓಡಿಸಿ ಮತ್ತೆ ಅಲ್ಲೇ ನಿಲ್ಲಿಸುತ್ತಿದ್ದರು.

ರಮ್ಯಳಿಗೆ ಕಾರು ಕಲಿಯುವ ಆಸೆ ಇದೆ ಎಂದು ಆ ಮನೆಯಲ್ಲಿ ಮೊದಲು ಗುರುತಿಸಿದ್ದು ಅತ್ತೆ ಮುನಿಗಂಗಮ್ಮ. ಆಕೆ ಹರೆಯದಲ್ಲಿ ಹಾಲಿನ ಕ್ಯಾನು, ಸೊಪ್ಪಿನ ಕಟ್ಟು ಹೊತ್ತು ಯಲಹಂಕದ ಬಸ್ಸಿಗೆ ಕಾದವಳು. ಸೊಸೆ ಕಾರಿನ ಗಾಜು ಒರೆಸುವಾಗ ಒಳಗಿನ ಗೇರನ್ನೇ ನೋಡುತ್ತಿರುವುದನ್ನು ಆಕೆ ಎಷ್ಟೋ ಸಲ ಕಂಡಿದ್ದಳು.

"ನಾನು ಬಸ್ಸಿಗೆ ಕಾದು ಕಾದೇ ಮಂಡಿ ಆಳು ಮಾಡ್ಕಂಡೆ ಕಣವ್ವ. ನೀನು ಓಗಿ ಕಲ್ತ್ಕೋ. ಮನೆ ಕಡೆ ನಾನು ನೋಡ್ಕತೀನಿ" ಎಂದಳು.

ರಮ್ಯ ಕಲಿತಳು. ಕಲಿತು ಸುಮ್ಮನಿರದೆ ಹಳೆಯ ಸಣ್ಣ ಕಾರೊಂದನ್ನು ತಂದು, ಪಕ್ಕದ ಸೀಟಿನ ಕೆಳಗೂ ಬ್ರೇಕ್ ಹಾಕಿಸಿ, ಲೈಸೆನ್ಸ್ ಮಾಡಿಸಿ ಹೆಂಗಸರಿಗೆ ಹೇಳಿಕೊಡಲು ಹೊರಟಾಗ ಉಮೇಶ್ ಊಟದ ತಟ್ಟೆ ತಳ್ಳಿ ಎದ್ದ.

"ನಮ್ಮನೆ ಹೆಂಗಸ್ರು ಡ್ರೈವರ್ ಕೆಲ್ಸ ಮಾಡ್ಬೇಕಾ? ಊರಲ್ಲಿ ಏನಂತಾರೆ?"

ಮುನಿಗಂಗಮ್ಮ ಅವನ ತಟ್ಟೆಯನ್ನು ಹಿಂದಕ್ಕೆ ಎಳೆದು ಇನ್ನೊಂದು ಸೌಟು ಸಾರು ಬಿಟ್ಟಳು. "ನೀನು ಓಡ್ಸಿದ್ರೆ ಓನರ್ರು, ಅವ್ಳು ಓಡ್ಸಿದ್ರೆ ಡ್ರೈವರ್ರಾ? ಕೂತ್ಕಂಡು ಉಣ್ಣು."

ಹೀಗೆ ಶುರುವಾದ ತರಗತಿ ಚೆನ್ನಾಗಿಯೇ ನಡೆಯಿತು. ಗಂಡಸರ ಹತ್ತಿರ ಕಲಿಯಲು ಹೋಗಿ ಬೈಸಿಕೊಂಡು, ಅತ್ತು ಬಿಟ್ಟವರೆಲ್ಲ ಅವಳನ್ನು ಹುಡುಕಿಕೊಂಡು ಬಂದರು. ಕೊರೊನಾ ಮುಗಿದ ಮೇಲಂತೂ ಬಸ್ಸು ಹತ್ತಲು ಹೆದರಿದ ಹೆಂಗಸರ ಸಾಲು ಹೆಬ್ಬಾಳ, ಸಂಜಯನಗರದವರೆಗೂ ಬೆಳೆಯಿತು. ಮಗಳು ಮೋನಿಕಾ ಸ್ಕೂಲಿನಿಂದ ಬಂದರೆ ಅನ್ನ ಹಾಕುತ್ತಿದ್ದದ್ದು ಅಜ್ಜಿ. ರಮ್ಯ ಸಂಜೆ ಮನೆಗೆ ಬಂದರೆ ಕಾಫಿ ಲೋಟ ಕೈಗಿಟ್ಟು, "ಇವತ್ಯಾರು ಗೋಡೆಗೆ ಗುದ್ದಿದ್ರು, ಏಳು" ಎಂದು ಕತೆ ಕೇಳುತ್ತಿದ್ದದ್ದೂ ಅವಳೇ.

ಬಿಳಿ ಕಾರಿನ ಟೈರಿನ ಮಾತು ಬಂದದ್ದು ಕೊರೊನಾ ಮುಗಿದ ಮರುವರ್ಷದ ಯುಗಾದಿಗೆ. ಹಬ್ಬಕ್ಕೆಂದು ಕಾರು ತೊಳೆಯುತ್ತಿದ್ದ ರಮ್ಯ ಹಿಂದಿನ ಚಕ್ರದ ಬದಿಯನ್ನು ಉಜ್ಜುವಾಗ ಕೈ ನಿಲ್ಲಿಸಿದಳು. ಒಣಗಿದ ಕೆರೆಯ ತಳದಲ್ಲಿ ಬಿಡುವಂತಹ ಸಣ್ಣ ಬಿರುಕು ಸುತ್ತಲೂ ಹರಡಿತ್ತು. ಉಗುರಿನಿಂದ ಒತ್ತಿದರೆ ರಬ್ಬರು ಮೆತ್ತಗೆ ಒಳಸರಿಯದೆ ಮರದಂತೆ ನಿಂತಿತು. ಗಾಡಿಯ ಜೊತೆ ಬಂದ ಟೈರುಗಳೇ ಅವು, ಒಂಬತ್ತು ವರ್ಷದವು. ಲಾಕ್‌ಡೌನ್ ಪೂರ್ತಿ ಗಾಳಿ ಇಳಿದ ಚಕ್ರದ ಮೇಲೆ ಗಾಡಿ ತನ್ನ ಭಾರ ಹೊತ್ತು ನಿಂತಲ್ಲೇ ನಿಂತಿತ್ತು. ಆದರೆ ಮೇಲಿನ ಗ್ರಿಪ್ ನಿನ್ನೆ ಅಂಗಡಿಯಿಂದ ತಂದಂತಿತ್ತು.

ಅವಳು ಹೇಳಿದಾಗ ಚಿಕ್ಕಬೈರಪ್ಪ ಜಗಲಿಯಿಂದ ಎದ್ದು ಬಂದು ಟೈರಿನ ಕಚ್ಚಿನೊಳಗೆ ಬೆರಳು ತೂರಿಸಿ ನೋಡಿದರು.

"ಎಲ್ಲವ್ವಾ ಸವ್ದಿರೋದು? ಬೆರಳು ಮುಳುಗ್ತದೆ. ಗಾಡಿ ಓಡೇ ಇಲ್ಲ. ಎತ್ತಿನ ಲಾಳ ಸವೆದ್ರೆ ತಾನೇ ಬೇರೆ ಕಟ್ಸೋದು?"

"ಸವೆದಿಲ್ಲ ಮಾವ. ಒಣಗಿದೆ. ನಿಂತಲ್ಲೇ ನಿಂತ್ರೂ ರಬ್ಬರ್ ಸಾಯುತ್ತೆ. ನಿಲ್ಲಿಸಿದ ಗಾಡಿ ಟೈರೇ ಬೇಗ ಹಾಳಾಗೋದು. ಬೇಸಿಗೇಲಿ ಹೈವೇಗೆ ಹೋದ್ರೆ ಸಿಡಿಯುತ್ತೆ."

"ಒಳ್ಳೇ ದಿನ ಅಂಗೆಲ್ಲ ಅನ್ಬೇಡ."

ಹೈವೇ ಎಂಬ ಮಾತು ಉಮೇಶ್‌ನ ಕಿವಿಗೂ ಬಿತ್ತು. ಅವನು ಫೋನಿನಿಂದ ತಲೆ ಎತ್ತದೆ, "ಆಯ್ತು ಕಣೇ, ಜೀಷಾನ್ ಹತ್ರ ಹಾಕಿಸ್ತೀನಿ ಬಿಡು" ಎಂದ. ಜೀಷಾನ್‌ನ ಟೈರ್ ಅಂಗಡಿ ಇದ್ದದ್ದು ಇವರದೇ ಮಳಿಗೆಗಳ ಸಾಲಿನಲ್ಲಿ, ಕೊನೆಯದು.

ಮುಂದಿನ ವಾರ ಉಮೇಶ್ ಗಾಡಿ ತೆಗೆದುಕೊಂಡು ಹೋಗಿ ಸಂಜೆಗೆ ವಾಪಸು ತಂದ. ನಾಲ್ಕೂ ಚಕ್ರ ಎಣ್ಣೆ ಹಚ್ಚಿದ ಜಡೆಯ ಹಾಗೆ ಕರ್ರಗೆ ಮಿಂಚುತ್ತಿದ್ದವು.

"ಹಾಕಿಸ್ದೆ. ಇನ್ನು ತಲೆ ತಿನ್ಬೇಡ" ಎಂದ.

ಅದಾದ ಸ್ವಲ್ಪ ದಿನಕ್ಕೇ ಮುನಿಗಂಗಮ್ಮನ ಮಂಡಿ ತೋರಿಸಲು ಹೆಬ್ಬಾಳದ ಆಸ್ಪತ್ರೆಗೆ ಹೋಗಬೇಕಾಯಿತು. ಆಕೆಗೆ ಕಾಲು ಮಡಿಸಲು ಆಗುತ್ತಿರಲಿಲ್ಲ. ರಮ್ಯಳ ಸಣ್ಣ ಕಾರಿನಲ್ಲಿ ಕಾಲು ಚಾಚಲು ಜಾಗವಿಲ್ಲ. ಹಾಗಾಗಿ ಬಿಳಿ ಕಾರು. ಉಮೇಶ್‌ಗೆ ಯಾರೋ ಸೈಟು ನೋಡಲು ಬರುವವರಿದ್ದರು. ಹೊರಡುವ ಮೊದಲು ರಮ್ಯ ಮುಂದಿನ ಚಕ್ರಗಳ ಹತ್ತಿರ ಬಗ್ಗಿದಳು. ಹೊಸ ರಬ್ಬರಿನ ಸಣ್ಣ ಕೂದಲುಗಳಂಥವು ಇನ್ನೂ ಉದುರಿರಲಿಲ್ಲ, ನಾಲ್ಕು ನಂಬರೂ ಹೊಸದೇ. ಹಿಂದಕ್ಕೆ ಹೋಗಬೇಕೆನ್ನುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ, "ಬಾರವ್ವ, ನೋವು ಎತ್ಕತಾ ಅದೆ" ಎಂದು ಕರೆದಳು. ರಮ್ಯ ಬಂದು ಕೂತಳು. ಗಂಡ ಹಾಕಿಸಿದೆ ಎಂದಿದ್ದ, ಮುಂದಿನವು ಹೊಸದಿದ್ದವು, ಹಿಂದಿನವೂ ಮಿಂಚುತ್ತಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು ಆಪರೇಷನ್ ಬೇಡ ಎಂದರು. ಅದಕ್ಕೆ ಮುನಿಗಂಗಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಹೊರಗೆ ಬಂದು ಎಳನೀರು ಕುಡಿದು, ಮೊಮ್ಮಗಳಿಗೆ ಜಿಲೇಬಿ ಕಟ್ಟಿಸಿಕೊಂಡಳು. ವಾಪಸು ಹೊರಟಾಗ ಮಟಮಟ ಮಧ್ಯಾಹ್ನ. ಏಪ್ರಿಲ್ ಬಿಸಿಲಿಗೆ ಫ್ಲೈಓವರ್ ಕಾದ ಹೆಂಚಾಗಿತ್ತು. ಎಸಿಯ ತಂಪಿಗೆ ಹಿಂದಿನ ಸೀಟಿನಲ್ಲಿ ಅತ್ತೆಗೆ ಜೊಂಪು ಹತ್ತಿತ್ತು. ಕಾಲು ಸೀಟಿನುದ್ದಕ್ಕೂ ಚಾಚಿದ್ದರಿಂದ ಬೆಲ್ಟ್ ಹಾಕಲು ಬರುವಂತಿರಲಿಲ್ಲ.

ಕೊಡಿಗೇಹಳ್ಳಿ ದಾಟಿದ ಮೇಲೆ ಹಿಂದೆ ಎಡಗಡೆ ಪಟಾಕಿಯಂಥ ಸದ್ದಾಯಿತು. ಗಾಡಿಯ ಹಿಂಭಾಗವನ್ನು ಯಾರೋ ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದಂತಾಯಿತು. ರಮ್ಯ ಬ್ರೇಕ್ ತುಳಿಯಲಿಲ್ಲ. ತುಳಿಯಬೇಡಿ, ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯಿರಿ, ಗಾಡಿ ತಾನಾಗಿ ನಿಧಾನವಾಗಲು ಬಿಡಿ ಎಂದು ಅವಳು ಎಷ್ಟೋ ಜನಕ್ಕೆ ಹೇಳಿದ್ದಳು, ಹಾಗೆಯೇ ಹಿಡಿದಳು. ಮುಂದಿನ ಟೈರು ಸಿಡಿದರೆ ಸ್ಟೇರಿಂಗ್ ಮಾತು ಕೇಳುವುದು ಕಷ್ಟ, ಆದರೂ ಸ್ವಲ್ಪ ಕೇಳುತ್ತದೆ. ಹಿಂದಿನದು ಸಿಡಿದಾಗ ಸ್ಟೇರಿಂಗ್ ಕೈಯಲ್ಲಿದ್ದರೂ ಗಾಡಿ ಕೈಯಲ್ಲಿರುವುದಿಲ್ಲ. ಕಾರು ಅಡ್ಡ ತಿರುಗಿ ಬದಿಯ ಗೋಡೆಗೆ ಹಿಂದಿನ ಬಾಗಿಲಿನಿಂದ ಅಪ್ಪಳಿಸಿತು.

ರಮ್ಯಳ ಹೆಗಲಿನ ಮೂಳೆ ಮುರಿಯಿತು. ಮುನಿಗಂಗಮ್ಮ, ಒಳ್ಳೆಯ ಸುದ್ದಿ ಕೇಳಿಕೊಂಡು ಬಂದ ಅದೇ ಆಸ್ಪತ್ರೆಯಲ್ಲಿ, ಕಣ್ಣು ತೆರೆಯದೆ ಹೋದಳು.

ಮಣ್ಣಿಗೆ ರಮ್ಯಳನ್ನು ಕರೆದುಕೊಂಡು ಹೋಗಲಿಲ್ಲ. ಆಸ್ಪತ್ರೆಯಿಂದ ಕೈಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದಾಗ ಹಜಾರದಲ್ಲಿ ನೆಂಟರು ತುಂಬಿದ್ದರು. ಉಮೇಶ್‌ನ ಸೋದರತ್ತೆ ಮಾರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಯಾರಿಗೂ ಹೇಳದಂತೆ, ಎಲ್ಲರಿಗೂ ಕೇಳುವಂತೆ ಅಂದಳು: "ಎಂಗಸ್ರು ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗ್ತದೆ? ಸ್ಪೀಡಾಗಿ ಓಗಿರ್ತಾಳೆ."

ರಮ್ಯ ಉಮೇಶ್‌ನ ಕಡೆ ನೋಡಿದಳು. ಅವನು ಬೋಳಿಸಿದ ತಲೆ ತಗ್ಗಿಸಿಕೊಂಡು ಕೂತಿದ್ದ. ಟೈರು ಸಿಡಿಯಿತು ಎಂದು ಅವಳು ಆಸ್ಪತ್ರೆಯಲ್ಲೇ ಅವನಿಗೆ ಹೇಳಿದ್ದಳು. ಹೊಸ ಟೈರು ಹೇಗೆ ಸಿಡಿಯಿತು ಎಂದು ಅವನು ಕೇಳಿರಲಿಲ್ಲ. ಅದೇ ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು.

ಓಡಾಡುವಂತಾದ ಮೇಲೆ ಅವಳು ಒಬ್ಬಳೇ ಟ್ರಾಫಿಕ್ ಪೊಲೀಸ್ ಠಾಣೆಗೆ ಹೋದಳು. ಠಾಣೆಯ ಹಿಂದಿನ ಬಯಲಿನಲ್ಲಿ ನಜ್ಜುಗುಜ್ಜಾದ ಗಾಡಿಗಳ ನಡುವೆ ಬಿಳಿ ಕಾರು ನಿಂತಿತ್ತು. ಹಿಂದಿನ ಎಡಗಡೆಯದು ಚಿಂದಿಯಾಗಿ ರಿಮ್ಮಿಗೆ ಸುತ್ತಿಕೊಂಡಿತ್ತು. ಬಲಗಡೆಗೆ ಬಂದು ಕುಕ್ಕರುಗಾಲಲ್ಲಿ ಕೂತಳು. ಹಚ್ಚಿದ್ದ ಪಾಲಿಶ್ ಮಳೆ ಧೂಳಿಗೆ ಹೋಗಿ ಬಿರುಕುಗಳೆಲ್ಲ ಮತ್ತೆ ಬಾಯಿಬಿಟ್ಟಿದ್ದವು. ನಂಬರು ಹಳೆಯದೇ. ಹೋಗುವ ದಾರಿಯಲ್ಲೇ ಅರ್ಧ ಊಹಿಸಿದ್ದಳು, ಆದರೂ ಅದನ್ನು ಬೆರಳಿಟ್ಟು ಇನ್ನೊಮ್ಮೆ ಓದಿದಳು.

ಮನೆಗೆ ಬಂದು ಉಮೇಶ್‌ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದಳು.

"ಮುಂದಿನ ಎರಡೇ ಹಾಕಿಸಿದ್ರಾ?"

ಅವನು ಮಂಚದ ಅಂಚಿನಲ್ಲಿ ಕೂತ. "ಅಪ್ಪ ಬೈದ್ರು. ಅಂಥ ಟೈರು ಯಾರಾದ್ರೂ ಬಿಸಾಕ್ತಾರಾ ಅಂದ್ರು. ನೀನೂ ಬಿಡ್ತಿರ್ಲಿಲ್ಲ. ಎರಡು ಹಾಕಿಸಿದ್ರೆ ಇಬ್ರೂ ಸುಮ್ನಾಗ್ತೀರ ಅನ್ಕೊಂಡೆ."

"ಹಾಕಿಸ್ದೆ ಅಂದ್ರಲ್ಲ ನನ್ನ ಹತ್ರ?"

"ಹಾಕಿಸಿದ್ನಲ್ಲ! ಎರಡು ಹಾಕಿಸಿದ್ನಲ್ಲ!" ಎಂದು ಕೂಗಿ, ಕೂಡಲೇ ದನಿ ಇಳಿಸಿದ. "ರಮ್ಯ, ಇದನ್ನ ಎಲ್ಲೂ ಆಡ್ಬೇಡ. ಅಪ್ಪ ತಡ್ಕೊಳ್ಳಲ್ಲ. ಹೆತ್ತವಳನ್ನ ನಾನೇ ಕೊಂದೆ ಅಂತಾರೆ ಊರಲ್ಲಿ."

"ಈಗ ನಾನು ಕೊಂದೆ ಅಂತಿದಾರೆ."

"ನಿನಗೆ... ಅದು ಆಕ್ಸಿಡೆಂಟು ಅಷ್ಟೇ. ನಾಲ್ಕು ದಿನ ಅಂತಾರೆ, ಮರೀತಾರೆ."

ಅವಳು ಆವತ್ತು ಅತ್ತಳು. ಅತ್ತೆ ಹೋದಮೇಲೆ ಮೊದಲ ಸಲ ಅತ್ತದ್ದು ಅದೇ, ಗಂಡನ ಮುಂದೆ. ಅವನು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡು ಅವಳ ಬೆನ್ನು ಸವರಿದ.

ಮರೆಯುವ ಜನ ಮರೆಯಲಿಲ್ಲ. ತರಗತಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಯಾರೂ ಮುಖದ ಮೇಲೆ ಏನೂ ಅನ್ನಲಿಲ್ಲ. ಒಬ್ಬಳ ಗಂಡನಿಗೆ ಪುರುಸೊತ್ತಾಗಿದೆಯಂತೆ, ಅವನೇ ಹೇಳಿಕೊಡುತ್ತಾನಂತೆ. ಇನ್ನೊಬ್ಬಳಿಗೆ ಬೆನ್ನುನೋವು. ಪ್ರತಿಭಾ ಮಾತ್ರ ಫೋನು ಮಾಡಿ, "ನನಗ ನಿಮ್ಮ ಮ್ಯಾಲೆ ನಂಬಿಕಿ ಐತ್ರಿ ಮೇಡಂ. ಮನ್ಯಾಗ ಬ್ಯಾಡ ಅನ್ನಾಕತ್ತಾರ" ಎಂದು ಹೇಳಿದಳು. ರಮ್ಯ "ಪರವಾಗಿಲ್ಲ ಬಿಡಿ" ಎಂದಳು. ಎರಡು ಬ್ರೇಕಿನ ಸಣ್ಣ ಕಾರು ರಸ್ತೆ ಬದಿಯಲ್ಲಿ ಎಲೆ ಬೀಳಿಸಿಕೊಂಡು ನಿಂತಿತು. ಕೊನೆಗೆ ಅದನ್ನು ಮಾರಿದಳು.

ಅಜಾಗರೂಕತೆಯಿಂದ ಗಾಡಿ ಓಡಿಸಿ ಸಾವಿಗೆ ಕಾರಣಳಾದಳು ಎಂದು ಪೊಲೀಸರು ಕೇಸು ಹಾಕಿದ್ದರು. ಮನೆಯವರು ಗೊತ್ತುಮಾಡಿದ ವಕೀಲರು ತಪ್ಪೊಪ್ಪಿಕೊಂಡರೆ ದಂಡದಲ್ಲಿ ಮುಗಿಯಬಹುದು ಎಂದರು. ಚಿಕ್ಕಬೈರಪ್ಪ ಸೊಸೆಯೊಡನೆ ಮಾತು ಬಿಟ್ಟಿದ್ದವರು ಆವತ್ತು ಗೋಡೆ ನೋಡಿಕೊಂಡು ಹೇಳಿದರು: "ಒಪ್ಕಂಡು ಮುಗಿಸ್ಲಿ. ಮನೆ ಮಾನ ಕೋರ್ಟಲ್ಲಿ ಅರಾಜಾಗೋದು ಬೇಡ."

"ನಾನು ಒಪ್ಪಲ್ಲ ಮಾವ" ಎಂದಳು ರಮ್ಯ. "ನಿಮ್ಮ ಮಗ ಹಾಕಿಸಿದ್ದು ಎರಡೇ ಟೈರು. ನೀವು ಬೈದಿದ್ದಕ್ಕೇ ಉಳಿದೆರಡು ಹಾಗೇ ಬಿಟ್ಟಿದ್ದು."

ಮುದುಕರ ಮುಖ ಒಂದು ಕ್ಷಣ ಸಡಿಲವಾಯಿತು. ಆಮೇಲೆ ಗಟ್ಟಿಯಾಯಿತು. "ನಾಕೂ ಆಕ್ಸಿದ್ರೂ ನೀನು ಅದೇ ಮಾಡ್ತಿದ್ದೆ" ಎಂದು ಎದ್ದು ಹೋದರು.

ತನ್ನದೇ ವಕೀಲೆಯೊಬ್ಬರನ್ನು ಹುಡುಕಿಕೊಂಡ ರಮ್ಯ ಜೀಷಾನ್‌ನ ಅಂಗಡಿಗೆ ಹೋದಳು. ಅವನು ಅವಳನ್ನು ಕಂಡೊಡನೆ ಕೈಯಲ್ಲಿದ್ದ ಟೈರು ಕಳಚುವ ಲಿವರ್ ಕೆಳಗಿಟ್ಟು, ಸುತ್ತ ನೋಡಿ, ಒಳಗೆ ಕರೆದ.

"ನಾನು ಹೇಳ್ದೆ ಮೇಡಂ. ಎರಡೇ ಹಾಕಿಸೋದಾದ್ರೆ ಹೊಸದನ್ನ ಹಿಂದಕ್ಕೆ ಹಾಕೋಣ, ಹಳೇದು ಮುಂದೆ ಇರ್ಲಿ, ಹಿಂದಿಂದು ಹೋದ್ರೆ ಗಾಡಿ ತಿರುಗುತ್ತೆ ಅಂತ ಹೇಳ್ದೆ. ಹಳೇದು ಮುಂದೆ ಇದ್ರೆ ಅವಳ ಕಣ್ಣಿಗೆ ಬೀಳುತ್ತೆ, ಹೊಸದನ್ನ ಮುಂದಕ್ಕೇ ಹಾಕು, ಹಿಂದಿಂದಕ್ಕೆ ಪಾಲಿಶ್ ಹೊಡಿ ಅಂದ್ರು ಉಮೇಶಣ್ಣ."

ರಮ್ಯ ಗೋಡೆ ಪಕ್ಕ ಪೇರಿಸಿಟ್ಟಿದ್ದ ಟೈರುಗಳ ಮೇಲೆ ಕೂತಳು. ಅಪ್ಪನಿಗೂ ಹೆಂಡತಿಗೂ ನಡುವೆ ಸಿಕ್ಕು ಅವನು ಸೋತ ಎಂದು ಇಲ್ಲಿಯವರೆಗೆ ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದಳು. ಈಗ ಅದೂ ಉಳಿಯಲಿಲ್ಲ. ಅವಳು ಯಾವ ಕಡೆ ಮೊದಲು ಬಗ್ಗುತ್ತಾಳೆಂದು ಲೆಕ್ಕ ಹಾಕಿ ಅವನು ಟೈರು ಹಾಕಿಸಿದ್ದ.

"ಇದನ್ನ ಕೋರ್ಟಲ್ಲಿ ಹೇಳ್ತೀರಾ?"

ಜೀಷಾನ್ ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡ. "ಅಂಗಡಿ ಅವರ್ದು ಮೇಡಂ" ಎಂದ. "ಖಾಲಿ ಮಾಡು ಅಂದ್ರೆ ನಾನೆಲ್ಲಿಗೆ ಹೋಗ್ಲಿ? ಮಾಫ್ ಮಾಡಿ."

"ಮಾಡಲ್ಲ" ಎಂದು ಅವಳು ಎದ್ದು ಬಂದಳು.

ಕೋರ್ಟಿನಲ್ಲಿ ಅವನನ್ನು ಕೇಳಿದಾಗ, ದಿನಾ ಎಷ್ಟೋ ಗಾಡಿ ಬರುತ್ತವೆ, ನೆನಪಿಲ್ಲ ಎಂದ. ಉಮೇಶ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಕಟಕಟೆ ಹತ್ತಿದ. ಟೈರುಗಳ ಸ್ಥಿತಿ ನಿಮಗೆ ತಿಳಿದಿತ್ತೇ ಎಂದು ರಮ್ಯಳ ವಕೀಲೆ ಕೇಳಿದರು.

"ನನಗೆ ಅದೆಲ್ಲ ಗೊತ್ತಾಗಲ್ಲ ಮೇಡಂ. ಡ್ರೈವಿಂಗ್ ಸ್ಕೂಲ್ ನಡೆಸ್ತಿದ್ದವಳು ಅವಳು. ಟೈರು ಯಾವಾಗ ಹಾಕಿಸ್ಬೇಕು, ಯಾವಾಗ ಬೇಡ, ಊರಿಗೆಲ್ಲ ಅವಳೇ ಪಾಠ ಹೇಳ್ತಿದ್ಲು. ಗಾಡಿ ವಿಷ್ಯ ಎಲ್ಲಾ ಅವಳಿಗೇ ಬಿಟ್ಟಿದ್ದೆ."

ಅವನು ಹೇಳುವಾಗ ತಡವರಿಸಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಇಷ್ಟು ವರ್ಷ ಅವಳ ಕೆಲಸವನ್ನು ಒಂದು ಕೆಲಸವೆಂದೇ ಒಪ್ಪದಿದ್ದ ಮನುಷ್ಯ, ಮೊದಲ ಸಲ, ತುಂಬಿದ ಕೋರ್ಟಿನಲ್ಲಿ, ಅವಳು ತಿಳಿದವಳು ಎಂದು ಹೊಗಳಿದ್ದ.

ಗಾಡಿ ಪರೀಕ್ಷೆ ಮಾಡಿದ್ದ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರು ಮಾತ್ರ ತಾವು ಕಂಡದ್ದನ್ನು ಹೇಳಿದರು. ಹಿಂದಿನ ಟೈರು ಹಳೆಯದಾಗಿ ಒಳಪದರ ಬಿಟ್ಟುಕೊಂಡಿತ್ತು, ತಟ್ಟನೆ ಸಿಡಿದಿದೆ, ವೇಗ ಮಿತಿಮೀರಿತ್ತು ಎನ್ನಲು ಗುರುತಿಲ್ಲ. ಅಷ್ಟರ ಮೇಲೆ ಕೇಸು ಬಿದ್ದುಹೋಯಿತು. ರಮ್ಯಳನ್ನು ಬಿಡುಗಡೆ ಮಾಡಿದರು. ಆ ಟೈರನ್ನು ಬದಲಾಯಿಸಬೇಕಿದ್ದವರು ಯಾರು, ಬದಲಾಯಿಸಿದೆ ಎಂದು ಹೇಳಿದವರು ಯಾರು ಎಂಬುದು ತೀರ್ಪಿನಲ್ಲಿ ಎಲ್ಲೂ ಬರಲಿಲ್ಲ. ಕೋರ್ಟಿಗೆ ಅದು ಬೇಕಿರಲಿಲ್ಲ.

ಹೊರಗೆ ಹೊಂಗೆ ಮರದ ಕೆಳಗೆ ಉಮೇಶ್ ಕಾಯುತ್ತಿದ್ದ. ಮುಖದಲ್ಲಿ ದೊಡ್ಡ ಭಾರ ಇಳಿದ ಹಗುರ.

"ನೋಡಿದ್ಯಾ, ಎಲ್ಲಾ ಒಳ್ಳೇದೇ ಆಯ್ತು. ನಿನಗೂ ಏನಾಗ್ಲಿಲ್ಲ, ನಮಗೂ ಏನಾಗ್ಲಿಲ್ಲ. ನಡಿ, ಮನೆಗೆ ಹೋಗೋಣ."

"ನಿಮ್ಮಮ್ಮನಿಗೆ?" ಎಂದಳು ರಮ್ಯ.

ಅವಳು ಗೇಟು ದಾಟಿ ಆಟೋ ಹತ್ತಿದಳು.

ಈಗ ಅವಳು ನಾಗಸಂದ್ರದಲ್ಲಿ ಮೇಲಿನ ಮಹಡಿಯ ಒಂದು ಕೋಣೆ, ಅಡುಗೆಮನೆಯಲ್ಲಿ ಇದ್ದಾಳೆ. ತುಮಕೂರು ರಸ್ತೆಯ ಗೋದಾಮೊಂದರಿಂದ ಮನೆಮನೆಗೆ ಪಾರ್ಸೆಲ್ ಒಯ್ಯುವ ವ್ಯಾನು ಓಡಿಸುತ್ತಾಳೆ. ಹೆಂಗಸರ ಕ್ಯಾಬ್ ನಡೆಸುವವರು ಕರೆದಿದ್ದರು, ಸ್ಕೂಲ್ ವ್ಯಾನಿನವರೂ ಕೇಳಿದ್ದರು. ಜನರನ್ನು ಕೂರಿಸಿಕೊಂಡು ಹೋಗುವ ಕೆಲಸ ತನಗೆ ಬೇಡ ಎಂದಳು. ಗೋದಾಮಿನವರು ವ್ಯಾನಿನ ಟೈರು ಬದಲಿಸಲು ತಡಮಾಡಿದರೆ ಕೀಲಿಯನ್ನು ಮೇಜಿನ ಮೇಲಿಟ್ಟು ಮನೆಗೆ ಬರುತ್ತಾಳೆ. ಅದಕ್ಕೆ ಅಲ್ಲಿ ಅವಳಿಗೆ ತಲೆಕೆಟ್ಟವಳು ಎಂಬ ಹೆಸರಿದೆ.

ಮಗಳು ಮೋನಿಕಾ ತಾಯಿಯ ಜೊತೆ ಬರಲಿಲ್ಲ. ಅಜ್ಜಿಯ ಮಡಿಲಲ್ಲಿ ಬೆಳೆದ ಹುಡುಗಿ, ಕಾಲೇಜು ಅಲ್ಲೇ ಹತ್ತಿರ, ತಾತ ಒಬ್ಬರೇ ಎಂದು ಬಾಗಲೂರಿನಲ್ಲೇ ಉಳಿದಳು. ಹದಿನೆಂಟು ತುಂಬಿದ ಮೇಲೆ ಸಂಜಯನಗರದ ಯಾವುದೋ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿತಳೆಂದು ರಮ್ಯಳಿಗೆ ಬೇರೆಯವರಿಂದ ತಿಳಿಯಿತು.

ಈ ಬೇಸಿಗೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಮೋನಿಕಾ ಅಪ್ಪನ ಹೊಸ ಕಾರು ಓಡಿಸಿಕೊಂಡು ತಾಯಿಯನ್ನು ನೋಡಲು ಬಂದಳು. ಅಪ್ಪ ಟೈರಿನ ವಿಷಯ ಕೊನೆಗೂ ಅವಳಿಗೆ ಹೇಳಿದ್ದನಂತೆ. ಕುಡಿದಿದ್ದನಂತೆ, ಅತ್ತನಂತೆ. ರಮ್ಯ ಮಗಳ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟು ನಿಂತೇ ಕೇಳಿದಳು. ಇಷ್ಟು ದಿನಕ್ಕೆ ಮಗಳು ತನ್ನ ಕಡೆ ಬಂದಳು ಎಂದುಕೊಂಡಳು.

"ಅಮ್ಮಾ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ" ಎಂದಳು ಮೋನಿಕಾ. "ಅಪ್ಪ ಸುಳ್ಳು ಹೇಳಿದ್ರು, ಸರಿ. ಆದ್ರೆ ಎಲ್ರಿಗೂ ನಾಲ್ಕೂ ಟೈರು ನೋಡಿ ಅಂತಿದ್ದೆ ನೀನು. ಆವತ್ತು ಹಿಂದಿಂದು ಯಾಕೆ ನೋಡ್ಲಿಲ್ಲ?"

"ಅಜ್ಜಿ ಕರೆದ್ರು."

"ಒಂದು ನಿಮಿಷದ ಕೆಲ್ಸ ಅಲ್ವಾ ಅದು?"

"ಹೌದು" ಎಂದಳು ರಮ್ಯ. "ಒಂದು ನಿಮಿಷ ಕೂಡ ಬೇಕಿರ್ಲಿಲ್ಲ."

ಮೋನಿಕಾ ತಟ್ಟೆಯತ್ತ ತಲೆ ಬಗ್ಗಿಸಿದಳು. ಅಳುತ್ತಾಳೇನೋ ಎಂದು ರಮ್ಯ ಅಂದುಕೊಂಡಳು. ಅಳಲಿಲ್ಲ. ಅಪ್ಪನಿಗೆ ಸಂಜೆ ಗಾಡಿ ಬೇಕಂತೆ ಎಂದು, ಅರ್ಧ ತಿಂದ ತಟ್ಟೆ ಬದಿಗಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

ಆ ಗಲ್ಲಿ ಇಕ್ಕಟ್ಟಿನದು. ಕಾರನ್ನು ಹಿಂದಕ್ಕೆ ತೆಗೆಯುವಾಗ ಹುಡುಗಿ ತಡವರಿಸಿದಳು, ಸ್ಟೇರಿಂಗನ್ನು ಬೇಗ ತಿರುಗಿಸಿದಳು, ಬಂಪರು ಎದುರು ಮನೆಯ ಕಾಂಪೌಂಡಿಗೆ ಗೀರಿತು. ರಮ್ಯ ಮೇಲಿನ ಕಂಬಿ ಹಿಡಿದು ನೋಡುತ್ತಿದ್ದಳು. ಸ್ಟೇರಿಂಗ್ ನಿಧಾನ ತಿರುಗಿಸು ಎಂದು ಕೂಗಿ ಹೇಳಬಹುದಿತ್ತು. ಎಷ್ಟೋ ಜನರ ಹೆಂಡಿರು ಮಕ್ಕಳಿಗೆ ಅದನ್ನೇ ಹೇಳಿಕೊಟ್ಟಿದ್ದಳು. ಮಗಳು ತಲೆ ಎತ್ತಲಿಲ್ಲ, ಅವಳು ಕೂಗಲಿಲ್ಲ. ಕಾರು ತಾನಾಗಿಯೇ ಹೇಗೋ ನೇರವಾಗಿ ಮುಖ್ಯರಸ್ತೆಗೆ ಹೋಯಿತು.